ಮೇಜಾಗಿದ್ದ ಪಿಯಾನೊ

ಮಟ್ಟಾಂಚೇರಿ, ಕೊಚ್ಚಿ
ಜೂನ್ 6, 2023

ಅವ್ವನಿಗೆ,

ಕಳೆದ ದೀಪಾವಳಿಯ ನಂತರ ನಾನು ನಿನ್ನ ಹತ್ತಿರ ಮಾತಾಡುತ್ತಿರುವುದು ಇದೇ ಮೊದಲು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವು ಮನೆಮಾತಾದ ಅರೆಭಾಷೆಯಲ್ಲಿ ಮಾತಾಡುತ್ತೇವೆ, ಮಾತು ಶುರುವಾಗುವಷ್ಟರಲ್ಲಿ ಜಗಳವೂ ಶುರುವಾಗುತ್ತದೆ. ಕಾಗದಕ್ಕೆ ಶಾಲೆಯ ಕನ್ನಡ ಬೇಕು. ಆ ಕನ್ನಡದಲ್ಲಿ ಬೈಯಲು ನಮ್ಮಿಬ್ಬರಿಗೂ ಬರುವುದಿಲ್ಲ.

ನನಗೆ ಕೆಲಸ ಸಿಕ್ಕಿದೆ. ನಾಲ್ಕು ತಿಂಗಳಿಂದ ಒಂದೇ ಕೆಲಸ, ನೀನು ನಂಬಲಿಕ್ಕಿಲ್ಲ. ಮಟ್ಟಾಂಚೇರಿಯಲ್ಲಿ ಹಿಂದೆ ಶುಂಠಿ ತುಂಬಿಡುತ್ತಿದ್ದ ಒಂದು ಗೋದಾಮಿನಲ್ಲಿ ಈಗ ಹಳೆಯ ಪಿಯಾನೊಗಳನ್ನು ರಿಪೇರಿ ಮಾಡುತ್ತಾರೆ. ಲೆಕ್ಕ ಬರೆಯಲೆಂದು ಸೇರಿದವಳು ಈಗ ತಂತಿ ಬಿಗಿಯುತ್ತೇನೆ. ನೂರು ವರ್ಷ ದಾಟಿದವು ಇಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಗೋಡೆಗೆ ಬೆನ್ನು ಕೊಟ್ಟು ನಿಲ್ಲುವ, ಕಪಾಟಿನಂಥ ಅಪ್‌ರೈಟ್‌ಗಳೇ ಹೆಚ್ಚು. ಅವುಗಳ ಎದೆಯಲ್ಲಿ ಮೇಣದ ಬತ್ತಿ ಇಡಲು ಹಿತ್ತಾಳೆಯ ಎರಡು ಕೈ. ಹಕ್ಕಿಯ ರೆಕ್ಕೆಯ ಆಕಾರದ ಗ್ರ್ಯಾಂಡ್‌ಗಳೂ ಇವೆ.

ಮೊನ್ನೆ ಲಾರಿಯಿಂದ ಬೇರೆಯೇ ಬಗೆಯದೊಂದು ಇಳಿಯಿತು. ಅದಕ್ಕೆ ಚೌಕ ಪಿಯಾನೊ ಎನ್ನುತ್ತಾರೆ. ನಿಜಕ್ಕೆ ಚೌಕವಲ್ಲ, ಉದ್ದನೆಯ ಪೆಟ್ಟಿಗೆ. ಮುಚ್ಚಳ ಹಾಕಿದರೆ ಪಕ್ಕಾ ಮೇಜು. ಧೂಳು ಒರೆಸಲು ಅದರ ಕೆಳಗೆ ನುಗ್ಗಿದೆ. ಕಡೆದ ಕಾಲುಗಳು, ಪ್ರತಿ ಕಾಲಿನ ಕೊರಳಿಗೂ ಹಿತ್ತಾಳೆಯ ಬಳೆ. ಅವ್ವ, ಆ ಕಾಲುಗಳು ನನಗೆ ಗೊತ್ತು. ಅಂಗಡಿಯಲ್ಲಿ ನೀನು ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ, ಅಂಥದ್ದೇ ಕಾಲಿಗೆ ಒರಗಿ ನಾನು ಮಗ್ಗಿ ಕಲಿತದ್ದು.

ಅಪ್ಪ ಲಾರಿಯಲ್ಲಿ ತಂದಿದ್ದ ಆ ಹಾಡುವ ಪೆಟ್ಟಿಗೆಯನ್ನು ನಮ್ಮನ್ನು ಬಿಟ್ಟು ಹೋಗುವಾಗ ಅವರೇ ಒಯ್ದರು ಎಂದು ಇಷ್ಟು ವರ್ಷ ತಿಳಿದಿದ್ದೆ. ಅದು ಹೋಗಲೇ ಇಲ್ಲ, ಅಲ್ಲವಾ? ಮೇಲೆ ಪ್ಲೈವುಡ್ ಹೊಡೆದು, ಕಂಬಳಿ ಹಾಸಿ, ಅದನ್ನೇ ಮೇಜು ಮಾಡಿದ್ದೀ. ಒಮ್ಮೆ ಎದುರಿನ ಹಲಗೆ ಸರಿಸಿ ನೋಡು. ತಯಾರಿಸಿದವರ ಹೆಸರು ಉಂಟಾ? ಒಳಗೆ ತಂತಿ ಉಳಿದಿದೆಯಾ? ಬೇಗ ಬರೆ. ನನಗೆ ಕುಳಿತಲ್ಲಿ ಕುಳಿತುಕೊಳ್ಳಲು ಆಗುತ್ತಿಲ್ಲ.

ಹೇಮಶ್ರೀ


ಕಡಬ
ಜೂನ್ 21, 2023

ಹೇಮಾ,

ಕಾಗದ ಸಿಕ್ಕಿತು. ಮೇಜು ಮೇಜೇ. ಅದರ ಮೇಲೆ ಈಗ ರಾಮಕುಂಜದ ಮಕ್ಕಳ ಯೂನಿಫಾರ್ಮಿನ ಬಟ್ಟೆ ನನ್ನ ಎದೆಯವರೆಗೆ ಉಂಟು. ಶಾಲೆ ಶುರುವಾಗಿದೆ, ತಾಯಂದಿರು ಬಾಗಿಲಲ್ಲೇ ನಿಂತಿರುತ್ತಾರೆ. ಅಷ್ಟನ್ನೂ ಇಳಿಸಿ ಹೆಸರು ಓದಲು ನನಗೆ ಪುರುಸೊತ್ತಿಲ್ಲ.

ನೀನು ನರ್ಸಿಂಗ್ ಬಿಟ್ಟೆ, ಸೊಸೈಟಿಯ ಕೆಲಸ ಬಿಟ್ಟೆ, ಪುತ್ತೂರಿನ ಕೊರಿಯರ್ ಆಫೀಸು ಬಿಟ್ಟೆ. ಇದನ್ನು ಯಾವಾಗ ಬಿಡುತ್ತೀ ಎಂದು ಕೇಳುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಪ್ಪನ ವಿಷಯ ಕಾಗದದಲ್ಲಿ ಬರೆಯಬೇಡ. ಅಂಚೆಯವರು ಅಂಗಡಿಯಲ್ಲಿ ಕೊಟ್ಟು ಹೋಗುವುದು, ನಾನು ನಾಲ್ಕು ಜನರ ಎದುರು ಓದುವುದು.

ಸೇವಂತಿ

ಹೆಸರು ಇದೆಯೋ ಇಲ್ಲವೋ ಗೊತ್ತಿಲ್ಲ. ತಂತಿ ಉಂಟು. ದೊಡ್ಡ ಕತ್ತರಿ ಕೆಳಗಿಟ್ಟಾಗ ಒಳಗಿನಿಂದ ಗುಂಯ್ ಅನ್ನುತ್ತದೆ.


ಮಟ್ಟಾಂಚೇರಿ
ಜುಲೈ 2, 2023

ಅವ್ವನಿಗೆ,

ಗುಂಯ್ ಅನ್ನುತ್ತದೆ ಎಂದು ನೀನು ಬರೆದದ್ದನ್ನು ನಮ್ಮ ಧಣಿಗೆ ಮಲೆಯಾಳದಲ್ಲಿ ಹೇಳಿದೆ. ಸದ್ದು ತಡೆಯುವ ಬಟ್ಟೆಗಳು ಒಳಗೆ ಉದುರಿರಬೇಕು, ತಂತಿಯಲ್ಲಿ ಮಾತ್ರ ಜೀವ ಇದೆ ಎಂದರು.

ಇಲ್ಲಿಗೆ ಬರುವ ಸಂಗ್ರಾಹಕರನ್ನು ನೀನು ನೋಡಬೇಕು. ಒಬ್ಬರಿಗೆ ತೂತು ಕೊರೆದ ಕಾಗದದ ಸುರುಳಿ ಹಾಕಿ ಪೆಡಲು ತುಳಿದರೆ ತಾನೇ ಬಾರಿಸಿಕೊಳ್ಳುವ ಪಿಯಾನೊ ಬೇಕು. ಇನ್ನೊಬ್ಬರು ನಮ್ಮಂಥ ಸೆಕೆಯ ಊರಿಗೆಂದೇ ಸಾಗುವಾನಿಯಲ್ಲಿ ಮಾಡಿ, ಅಂಟು ಬಿಟ್ಟರೂ ಕೀಲು ಬಿಡದ ಹಾಗೆ ಹಿತ್ತಾಳೆಯ ಸ್ಕ್ರೂ ಬಿಗಿದ ಅಪ್‌ರೈಟ್ ಹುಡುಕಿಕೊಂಡು ಗೋವೆಯವರೆಗೆ ಅಲೆದು ಬಂದಿದ್ದಾರೆ. ಗ್ರ್ಯಾಂಡ್ ಎಲ್ಲರಿಗೂ ಬೇಕು, ಇಡಲು ಜಾಗ ಯಾರಿಗೂ ಇಲ್ಲ. ಚೌಕದ್ದು ಮಾತ್ರ ವಿಚಿತ್ರ. ಒಳಗೆ ಕಬ್ಬಿಣದ ಚೌಕಟ್ಟಿರುವ ಭಾರೀ ಚೌಕಗಳನ್ನು ಪುಕ್ಕಟೆ ಕೊಟ್ಟರೂ ಒಯ್ಯುವವರು ಕಡಿಮೆ. ಕಬ್ಬಿಣ ಬರುವ ಮೊದಲಿನ, ಮೈಯೆಲ್ಲ ಮರದ್ದೇ ಆದ ಸಣ್ಣ ಚೌಕಕ್ಕೆ ಜೀವ ಬಿಡುತ್ತಾರೆ. ಯಾಕೆಂದರೆ ಹೆಚ್ಚಿನವನ್ನು ಜನ ಊಟದ ಮೇಜು ಮಾಡಿ, ಬರೆಯುವ ಮೇಜು ಮಾಡಿ ಮುಗಿಸಿಬಿಟ್ಟಿದ್ದಾರೆ. ಇವರಿಗೆ ಬೇಕಾದದ್ದು ಯಾರೂ ಕೈಯಾಡಿಸದ್ದು. ಅದೇ ಮೆರುಗು, ಅದೇ ತಂತಿ, ಅದೇ ಹೆಸರಿನ ಪಟ್ಟಿ.

ಜಾಲ್ಸೂರಿನ ಸಾಬಿತ್ ಎಂಬವರು ಆಗಾಗ ಬರುತ್ತಾರೆ. ಅಲ್ಲಿ ಅವರದು ಟೈಲ್ಸಿನ ಅಂಗಡಿ, ಗೋದಾಮಿನಲ್ಲಿ ಐದು ಪಿಯಾನೊ ಇಟ್ಟಿದ್ದಾರೆ. ಚೌಕ ಒಂದಿಲ್ಲ ಎಂಬ ಕೊರಗು. ನಮ್ಮ ಮೇಜಿನ ವಿಷಯ ಬಾಯಿ ತಪ್ಪಿ ಹೇಳಿಬಿಟ್ಟೆ. ಬಾಯಿ ತಪ್ಪಿ ಅಲ್ಲ, ಹೇಳಬೇಕೆಂದೇ ಹೇಳಿದೆ. ಕಡಬದ ಕಡೆ ಹೋದಾಗ ನೋಡಿ ಬರುತ್ತೇನೆ ಎಂದರು. ನಿನಗೊಂದು ಒಳ್ಳೆಯ ಮೇಜು ಬರಲಿ, ಅದು ಮೊದಲಿದ್ದ ಹಾಗೆ ಆಗಲಿ, ನನ್ನ ಆಸೆ ಅಷ್ಟೇ.

ಕೋಣೆ ಬದಲಿಸಿದ್ದೇನೆ. ಹೊಸ ವಿಳಾಸ ಕವರಿನ ಹಿಂದೆ ಇದೆ.

ಹೇಮಶ್ರೀ


ಕಡಬ
ಜುಲೈ 30, 2023

ಹೇಮಾ,

ನಿನ್ನ ಸಾಬಿತ್ ಬಂದಿದ್ದರು. ಮುಂದೆ ಯಾರನ್ನಾದರೂ ಕಳಿಸುವುದಿದ್ದರೆ ನನ್ನನ್ನು ಕೇಳಿ ಕಳಿಸು. ಬ್ಲೌಸಿನ ಅಳತೆ ಕೊಡಲು ಬಂದ ಹೆಂಗಸರ ನಡುವೆ ಒಬ್ಬ ಗಂಡಸು ಮೊಣಕಾಲೂರಿ ಮೇಜಿನ ಕೆಳಗೆ ನುಗ್ಗಿದರೆ ಊರು ಏನೆನ್ನಬೇಕು? ಪಕ್ಕದ ಹಾರ್ಡ್‌ವೇರ್ ಅಂಗಡಿಯ ಚೆನ್ನಪ್ಪಣ್ಣ ಗಿರಾಕಿಯನ್ನು ಬಿಟ್ಟು ಓಡಿ ಬಂದರು.

ಮನುಷ್ಯ ಮರ್ಯಾದೆಯವರು, ಅದು ಹೇಳಬೇಕು. ಚಪ್ಪಲಿ ಹೊರಗೆ ಬಿಟ್ಟೇ ಬಂದದ್ದು. ಕೆಳಗಿನಿಂದ ಹಲಗೆ ತಟ್ಟಿ ನೋಡಿ, ತಲೆಗೆ ಜೇಡರ ಬಲೆ ಹಿಡಿದುಕೊಂಡೇ ಎದ್ದು ತಮ್ಮ ಕಥೆ ಹೇಳಿದರು. ಮೊದಲನೆಯದನ್ನು ಕೊಂಡದ್ದು ಕಣ್ಣೂರಿನ ಕಡೆಯ ಯಾವುದೋ ಕ್ಲಬ್ಬಿನ ಹರಾಜಿನಲ್ಲಂತೆ. ತಾನೇ ಬಾರಿಸಿಕೊಳ್ಳುವ ಜಾತಿಯದು, ಆದರೆ ಅದಕ್ಕೆ ಉಸಿರು ತುಂಬುವ ಚೀಲ ಹರಿದಿದೆ, ಬಾರಿಸಿಕೊಳ್ಳುವುದಿಲ್ಲ. ಒಂದೊಂದು ಪಿಯಾನೊ ಬಂದಾಗಲೂ ಎಷ್ಟು ಟೈಲ್ಸಿನ ಜಾಗ ಹೋಯಿತು ಎಂದು ಹೆಂಡತಿ ಝೈನಬ ಹೇಳುತ್ತಾರಂತೆ. ನಿಮಗೆ ಬಾರಿಸಲು ಬರುತ್ತದಾ ಎಂದು ಕೇಳಿದೆ.

“ಬರುದಿಲ್ಲ ಅಕ್ಕ. ಒಂದು ಬೆರಳಲ್ಲಿ ಒತ್ತಿ ನೋಡುದು, ಅಷ್ಟೆ,” ಎಂದರು. “ಆದ್ರೆ ಯಾವ ಕಾಲದಲ್ಲಿಯೋ ಯಾರೋ ಒತ್ತಿದ ಜಾಗದಲ್ಲಿ ಈಗ ನನ್ನ ಬೆರಳು ಉಂಟಲ್ಲ, ನನಗೆ ಅದು ಸಾಕು.”

ಈ ಮಾತು ನನಗೆ ಹಿಡಿಸಲಿಲ್ಲ. ಮರೆಯಲೂ ಆಗಲಿಲ್ಲ. ಪ್ಲೈವುಡ್ ತೆಗೆದು ನೋಡಬಹುದಾ ಎಂದು ಕೇಳಿದರು, ಈಗ ಆಗುವುದಿಲ್ಲ ಎಂದೆ. ಹಾಗೆ ಹೇಳಿ ಕಳಿಸಿದ ಮೇಲೆ ಆ ದಿನದ ಕೆಲಸವೆಲ್ಲ ಕೆಟ್ಟಿತು. ಒಂದೇ ತೋಳನ್ನು ಎರಡು ಸಲ ಉಲ್ಟಾ ಹೊಲಿದೆ.

ಸೇವಂತಿ


ಮಟ್ಟಾಂಚೇರಿ
ಆಗಸ್ಟ್ 9, 2023

ಅವ್ವ,

ಆಗುವುದಿಲ್ಲ ಎಂದು ನೀನು ಯಾಕೆ ಹೇಳಿದೆ ಎಂದು ನನಗೆ ಗೊತ್ತು. ಬರೆಯಬೇಡ ಎಂದಿದ್ದರೂ ಬರೆಯುತ್ತೇನೆ, ಈ ಕಾಗದವನ್ನು ಮಾತ್ರ ಒಳಗೆ ಹೋಗಿ ಓದು.

ಸಂಜೆ ದೀಪ ಹಚ್ಚಿದ ಮೇಲೆ ನೀವಿಬ್ಬರು ನನ್ನನ್ನು ಒಳಕೋಣೆಯ ಚಾಪೆಯಲ್ಲಿ ಮಲಗಿಸುತ್ತಿದ್ದಿರಿ. ಹೊರಗಿನ ಕೋಣೆಯಲ್ಲಿ ಅಪ್ಪ ಬಾರಿಸುತ್ತಿದ್ದರು. ಭಜನೆಯ ಧಾಟಿ. ನಡುವೆ ಒಂದು ಕಡೆ ಸ್ವರ ಬಾರದೆ ಬರೀ ಟಕ್ ಎನ್ನುತ್ತಿತ್ತು, ಅದನ್ನು ದಾಟಿ ಮತ್ತೆ ಹಾಡು ಮುಂದೆ ಹೋಗುತ್ತಿತ್ತು. ನನ್ನ ಜೀವನದಲ್ಲಿ ಅಷ್ಟು ನೆಮ್ಮದಿಯಾಗಿ ನಾನು ಮತ್ತೆಲ್ಲೂ ಮಲಗಿಲ್ಲ. ಎಷ್ಟು ಊರು, ಎಷ್ಟು ಕೋಣೆ ಬದಲಿಸಿದರೂ ಇಲ್ಲ.

ಅವರು ಹೋದ ಮೇಲೆ ನೀನು ಅದಕ್ಕೆ ಮೊಳೆ ಹೊಡೆದೆ. ಅವರ ಮೇಲಿನ ಸಿಟ್ಟನ್ನು ಅದರ ಮೇಲೆ ತೀರಿಸಿದೆ. ಆಮೇಲೆ ನನ್ನ ಮೇಲೂ. ನಾನು ಹೊರಟ ದಿನ ಕಡಬದ ಬಸ್ ಸ್ಟ್ಯಾಂಡಿನಲ್ಲಿ ನೀನು ಏನು ಹೇಳಿದೆ, ನೆನಪಿದೆಯಾ? “ನೀನು ನಿನ್ನ ಅಪ್ಪನ ಹಾಗೆಯೇ. ಒಂದು ಕಡೆ ನಿಲ್ಲುವವಳಲ್ಲ.” ಹೌದು, ಹಾಗೆಯೇ. ನನಗೆ ಅವರ ಬೆರಳು ಬಂದಿದೆ, ಅದಕ್ಕೇ ಈ ಕೆಲಸದಲ್ಲಿ ನಿಂತಿದ್ದೇನೆ. ನಿನಗೆ ಅದು ಬೇಡವಾದರೆ ಬಯಸುವವರಿಗೆ ಕೊಟ್ಟುಬಿಡು.

ಹೇಮಶ್ರೀ


ಕಡಬ
ಸೆಪ್ಟೆಂಬರ್ 28, 2023

ಹೇಮಾ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಬರೆದು ಹರಿದೆ, ಮತ್ತೆ ಬರೆದು ಹರಿದೆ. ಇದನ್ನು ಹರಿಯುವ ಮೊದಲು ಅಂಚೆ ಪೆಟ್ಟಿಗೆಗೆ ಹಾಕುತ್ತೇನೆ.

ನಿನ್ನ ಅಪ್ಪ ಅದನ್ನು ಒಂದು ದಿನವೂ ಬಾರಿಸಲಿಲ್ಲ. ಬಾರಿಸಿದ್ದು ನಾನು.

ಸುಳ್ಯದ ಆಚೆ ಒಂದು ರಬ್ಬರ್ ತೋಟದ ಬಂಗ್ಲೆ ಖಾಲಿ ಮಾಡುವಾಗ ಸಾಮಾನು ಸಾಗಿಸಿದ್ದು ಅವರ ಲಾರಿಯಲ್ಲಿ. ಇದನ್ನು ಯಾರೂ ಕೇಳಲಿಲ್ಲ. ಕಾಲು ಬೆಲೆಬಾಳುವ ಬೀಟಿ ಮರದ್ದು, ಕಡಿದು ಮಾರುವ ಎಂದು ತಂದರು. ನಾನು ಬಿಡಲಿಲ್ಲ. ತವರಿನಲ್ಲಿ ನನ್ನ ಅಪ್ಪ ಭಜನೆಗೆ ಹಾರ್ಮೋನಿಯಂ ಹಿಡಿಯುತ್ತಿದ್ದರು, ನಾನು ನೋಡಿ ನೋಡಿ ಕಲಿತಿದ್ದೆ. ಹೆಣ್ಣುಮಕ್ಕಳು ಮಂಡಳಿಯಲ್ಲಿ ಬಾರಿಸುವ ರೂಢಿ ಇರಲಿಲ್ಲ, ಹಾಗಾಗಿ ನನಗೆ ಬರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಹಾರ್ಮೋನಿಯಮ್ಮಿನಲ್ಲಿ ಒಂದು ಕೈ ಗಾಳಿ ಹಾಕಲಿಕ್ಕೇ ಹೋಗುತ್ತದೆ. ಇದರಲ್ಲಿ ಎರಡು ಕೈಯೂ ನಮ್ಮದೇ. ಅದು ತಿಳಿದ ದಿನ ಅನ್ನ ತಳ ಹಿಡಿದದ್ದು ನನಗೆ ಗೊತ್ತಾಗಲಿಲ್ಲ.

ನೀನು ಒಳಗೆ ಮಲಗಿರುತ್ತಿದ್ದೆ, ಅವರು ಜಗಲಿಯಲ್ಲಿ ಬೀಡಿ ಸೇದುತ್ತಿದ್ದರು. “ಸಾಕು ಮಾರಾಯ್ತಿ, ತಲೆ ಹಾಳಾಗ್ತದೆ” ಎಂದು ಒಮ್ಮೊಮ್ಮೆ ಹೇಳುತ್ತಿದ್ದರು. ಕೆಟ್ಟವರಲ್ಲ. ಅವರಿಗೆ ಸದ್ದಿಲ್ಲದ ಮನೆ ಬೇಕಿತ್ತು.

ಒಂದು ಕಡೆ ನಿಲ್ಲದವರು ಅವರಲ್ಲ, ಹೇಮಾ. ಒಬ್ಬ ಹೆಂಗಸಿಗಾಗಿ ಕಾಞಂಗಾಡಿಗೆ ಹೋದವರು ಅಂದಿನಿಂದ ಇಂದಿನವರೆಗೆ ಅದೇ ಮನೆಯಲ್ಲಿ, ಅದೇ ಹೆಂಗಸಿನ ಜೊತೆ ಇದ್ದಾರೆ. ನಿಲ್ಲಲು ಆಗದವಳು ನಾನು. ಅಂಗಡಿಯ ಎದುರು ಸುಬ್ರಹ್ಮಣ್ಯದ ಬಸ್ಸು ಹೋದರೂ ಪುತ್ತೂರಿನ ಬಸ್ಸು ಹೋದರೂ ನನಗೆ ಹತ್ತಬೇಕು ಅನ್ನಿಸುತ್ತಿತ್ತು, ಎಲ್ಲಿಗೆ ಎಂದು ಗೊತ್ತಿಲ್ಲ. ಆ ಪೆಟ್ಟಿಗೆಯ ಎದುರು ಕುಳಿತಾಗ ಮಾತ್ರ ಸುಮ್ಮನಿರುತ್ತಿದ್ದೆ. ನಿನಗೆ ಬಂದದ್ದು ನನ್ನ ಕಾಲು. ಬಸ್ ಸ್ಟ್ಯಾಂಡಿನಲ್ಲಿ ಅದನ್ನು ಹೇಳಲು ಬಾಯಿ ಬರಲಿಲ್ಲ, ಅವರ ಹೆಸರು ಬಂತು.

ಮೊಳೆ ಹೊಡೆದದ್ದು ಸಿಟ್ಟಿನಿಂದ ಅಲ್ಲ. ಇದ್ದದ್ದು ಈಗ ಅಂಗಡಿಯಾಗಿರುವ ಆ ಒಂದು ಹೊರಕೋಣೆ, ನೀನೊಬ್ಬಳು ಮಗು. ಹೊಲಿಗೆ ಶುರು ಮಾಡಬೇಕಾದರೆ ಬಟ್ಟೆ ಹರಡಲು ಸಮತಟ್ಟಾದ ಉದ್ದ ಜಾಗ ಬೇಕು. ಅದು ಸರಿಯಾಗಿ ಅಷ್ಟೇ ಉದ್ದ ಇತ್ತು.

ಅವ್ವ


ಮಟ್ಟಾಂಚೇರಿ
ಅಕ್ಟೋಬರ್ 5, 2023

ಅವ್ವ,

ನಿನ್ನ ಕಾಗದ ಓದಿದ ದಿನ ನನ್ನ ಕೈಯಲ್ಲಿ ತಂತಿಯ ಮೇಲೆ ತಂತಿ ತುಂಡಾಯಿತು. ಮನೆಗೆ ಹೋಗು ಎಂದು ಧಣಿ ಹೇಳಿದರು. ನಾನು ಜೆಟ್ಟಿಗೆ ಹೋಗಿ ದೋಣಿ ಹತ್ತಿದೆ, ಆಚೆ ದಡದಲ್ಲಿ ಇಳಿಯದೆ ಅದರಲ್ಲೇ ವಾಪಸು ಬಂದೆ, ಮತ್ತೆ ಹೋದೆ. ಟಿಕೆಟಿನವ ನನ್ನನ್ನೇ ನೋಡುತ್ತಿದ್ದ.

ಆ ನೆನಪಿನಲ್ಲಿ ಕುಳಿತಿರುವವರನ್ನು ಬದಲಿಸಲು ನೋಡುತ್ತಿದ್ದೇನೆ. ಅಪ್ಪನ ಬೆನ್ನು ತೆಗೆದು ಅಲ್ಲಿ ನಿನ್ನನ್ನು ಕೂರಿಸಿದರೆ ನಿನ್ನ ಕೈಯಲ್ಲಿ ಕತ್ತರಿಯೇ ಕಾಣುತ್ತದೆ.

ಸಾಬಿತ್‌ರಿಗೆ ಕೊಡಬೇಡ. ಕೊಟ್ಟುಬಿಡು ಎಂದು ನಾನೇ ಬರೆದಿದ್ದೆ, ಆದರೂ ಕೊಡಬೇಡ. ನಾನು ಬಂದು ಸರಿ ಮಾಡುತ್ತೇನೆ. ನೀನು ಬಾರಿಸುವುದನ್ನು ನಾನು ಕೇಳಬೇಕು, ಈ ಸಲ ಅದು ನೀನೇ ಎಂದು ಗೊತ್ತಿದ್ದು.

ಹೇಮಾ


ಕಡಬ
ಅಕ್ಟೋಬರ್ 24, 2023

ಹೇಮಾ,

ನಿನ್ನ ಕಾಗದ ಕೈಗೆ ಬರುವ ಮೊದಲೇ ಸಾಬಿತ್ ಬಂದು ಹೋಗಿ ಆಗಿತ್ತು. ಬರಲು ಹೇಳಿದ್ದು ನಾನೇ. ಅದಕ್ಕೆ ಕಾರಣ ಉಂಟು, ಆಮೇಲೆ ಹೇಳುತ್ತೇನೆ.

ಕಂಬಳಿ ತೆಗೆದು ಪ್ಲೈವುಡ್ ಎಬ್ಬಿಸಿದೆವು. ಮುಚ್ಚಳ ಎತ್ತಿದಾಗ ಇಲಿಗೂಡಿನ ವಾಸನೆ ಬಂತು. ಬೆರಳಿನಿಂದ ಒತ್ತುವ ಮನೆಗಳ ಮೇಲಿನ ದಂತದ ಚಕ್ಕೆಗಳನ್ನು ಬಂಗ್ಲೆಯಲ್ಲೇ ಯಾರೋ ಕಿತ್ತಿದ್ದರು, ಅದು ನನಗೆ ಮೊದಲೇ ಗೊತ್ತು. ತಂತಿ ಅರ್ಧಕ್ಕರ್ಧ ಉಳಿದಿದೆ. ಹೆಸರಿನ ಪಟ್ಟಿಯಲ್ಲಿ ಲಂಡನ್ ಎಂಬುದನ್ನು ಮಾತ್ರ ಓದಬಹುದು. ಅಷ್ಟಕ್ಕೇ ಸಾಬಿತ್‌ರ ಮುಖ ಅರಳಿತು. ಇಂಥದ್ದೇ ತಾನು ಹುಡುಕುತ್ತಿದ್ದದ್ದು, ಒಳಗೆ ಕಬ್ಬಿಣದ ಚೌಕಟ್ಟೇ ಇಲ್ಲ ಎಂದರು. ಆಮೇಲೆ ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿದರು. ಸಾಲು ಸಾಲು ಮೊಳೆಯ ತೂತು. ಪ್ಲೈವುಡ್ ಹಾಕುವ ಮೊದಲು ಇಸ್ತ್ರಿಪೆಟ್ಟಿಗೆ ಇಟ್ಟು ಸುಟ್ಟ ಕಲೆ. ಬಟ್ಟೆಗೆ ಗುರುತು ಹಾಕುವ ಹಲ್ಲಿನ ಚಕ್ರದ ಚುಕ್ಕೆ ಚುಕ್ಕೆ ಗೆರೆ. ಮುಚ್ಚಳವನ್ನು ಮೆಲ್ಲಗೆ ಇಳಿಸಿದರು.

“ಅಕ್ಕ, ಬೇಜಾರು ಮಾಡಬೇಡಿ. ಇದನ್ನು ತಗೊಂಡ್ರೆ ನಾನು ಮುಚ್ಚಳ ಬದಲಿಸ್ಬೇಕು. ಬದಲಿಸಿದ್ರೆ ಅದು ಹಳೇದಲ್ಲ. ಬದಲಿಸದಿದ್ರೆ ನೋಡಿದವರೆಲ್ಲ ಹಾಳಾಗಿದೆ ಅಂತ ಹೇಳುದು.”

ಹಾಳಾಗಿದೆ. ಅದರ ಮೇಲೆ ನಾನು ಕಡಬದ ಅರ್ಧ ಊರಿಗೆ ಬಟ್ಟೆ ಹೊಲಿದೆ, ನಿನ್ನನ್ನು ಓದಿಸಿದೆ. ತಪ್ಪು ಅವರದಲ್ಲ, ಅವರಿಗೆ ಬೇಕಾದದ್ದು ಯಾರೂ ಮುಟ್ಟದ್ದು. ಆದರೂ ಚಹಾ ಕೊಡದೆ ಕಳಿಸಿದೆ.

ಈಗ ಕಾರಣ ಕೇಳು. ನಾನು ಪುತ್ತೂರಿಗೆ ಹೋಗುತ್ತಿದ್ದೇನೆ. ನನ್ನಲ್ಲಿ ಹೊಲಿಗೆ ಕಲಿತ ಸುರಕ್ಷಾ ಅಲ್ಲಿನ ದರ್ಬೆಯಲ್ಲಿ ಮಾಳಿಗೆಯ ಮೇಲೆ ದೊಡ್ಡ ಜಾಗ ಹಿಡಿದಿದ್ದಾಳೆ, ಇಬ್ಬರೂ ಸೇರಿ ಮದುವೆಯ ಬಟ್ಟೆ ಹೊಲಿಯುವುದೆಂದು. ಹಿಂದೆಯೂ ಕರೆದವರಿದ್ದರು. ನೀನು ತಿರುಗಿ ಬಂದರೆ ಅವ್ವ ಇದ್ದಲ್ಲೇ ಇರಬೇಕು ಎಂದು ಕುಳಿತಿದ್ದೆ. ನನಗೆ ಐವತ್ತೆರಡಾಯಿತು, ಇನ್ನು ಕುಳಿತಿರಲಾರೆ. ಆ ಮಾಳಿಗೆಯ ಮೆಟ್ಟಿಲಲ್ಲಿ ಇದು ತಿರುಗುವುದಿಲ್ಲ, ಟೇಪು ಹಿಡಿದು ನೋಡಿದ್ದೇನೆ. ಬೇಕಾದರೆ ಬಂದು ತೆಗೆದುಕೊಂಡು ಹೋಗು. ಇಲ್ಲದಿದ್ದರೆ ಚೆನ್ನಪ್ಪಣ್ಣ ಮರಕ್ಕೆ ಕೇಳಿದ್ದಾರೆ.

ಅವ್ವ


ಕಡಬ
ಡಿಸೆಂಬರ್ 18, 2023

ಅವ್ವ,

ಕಡಬದಿಂದ ನಿನಗೆ ಕಾಗದ ಬರೆಯುವುದು ವಿಚಿತ್ರ ಅನ್ನಿಸುತ್ತಿದೆ. ನೀನು ಪುತ್ತೂರಿನ ಬಸ್ಸು ಹತ್ತಿ, ಕಿಟಕಿಯಿಂದ ನನ್ನ ಕಡೆ ನೋಡದೆ ಹೋದೆ. ಹಿಂದೆ ನಾನು ಹೋದದ್ದೂ ಹಾಗೆಯೇ.

ನಾವು ಎದುರು ಬದುರು ಆದಾಗ ಮತ್ತೆ ಅರೆಭಾಷೆಯೇ ಆಯಿತು. ನಾನು ಬಂದ ದಿನದಿಂದ ಬಾರಿಸು ಬಾರಿಸು ಎಂದು ನಿನ್ನ ಬೆನ್ನು ಹತ್ತಬಾರದಿತ್ತು. ಪಿಯಾನೊ ಪೂರ್ತಿ ಬಿಚ್ಚಿ ಮಲಗಿತ್ತು, ಬರುವ ಸ್ವರ ಮೂರೋ ನಾಲ್ಕೋ. ಆದರೂ ಹಠ ಮಾಡಿದೆ. ನೀನು ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ನನಗೆ ಅದು ಮೊಂಡುತನದ ಹಾಗೆ ಕಂಡಿತು. ಈಗ ನೆನೆಸಿಕೊಂಡರೆ ಬೇರೆ ಕಾಣುತ್ತದೆ. ಊಟ ಮಾಡುವಾಗ ನಿನ್ನ ಬಲಗೈ ಪೂರ್ತಿ ಮಡಚುತ್ತಿರಲಿಲ್ಲ.

ಅಂಗಡಿಯ ಕೋಣೆಯ ಬಾಡಿಗೆಯನ್ನು ಸದ್ಯಕ್ಕೆ ನನ್ನ ಹೆಸರಿಗೆ ಮಾಡಿಕೊಂಡಿದ್ದೇನೆ. ಧಣಿಯ ಹತ್ತಿರ ರಜೆ ಕೇಳಿದ್ದೇನೆ. ತಂತಿಯ ಗೂಟಗಳನ್ನು ಹಿಡಿಯುವ ಹಲಗೆಯಲ್ಲಿ ಒಂದು ಬಿರುಕು ಉಂಟು. ಮೊದಲಿನ ಶ್ರುತಿಗೆ ಏರಿಸಿದರೆ ಸೀಳಿಹೋಗುತ್ತದೆ, ಹಾಗಾಗಿ ಕೆಳಗಿನ ಶ್ರುತಿಯಲ್ಲೇ ನಿಲ್ಲಿಸುತ್ತೇನೆ. ಉದುರಿದ ಬಟ್ಟೆಗಳ ಬದಲಿಗೆ ದಪ್ಪ ಉಣ್ಣೆಯ ಬಟ್ಟೆ ಬೇಕು. ಕೊಚ್ಚಿಯಿಂದ ತರಿಸಬಹುದು. ನಿನ್ನ ಹತ್ತಿರ ಉಂಟಾ?

ಇನ್ನೊಂದು. ಮುಚ್ಚಳದ ಮೊಳೆತೂತುಗಳನ್ನು ತುಂಬಿ ಮೆರುಗು ಹಾಕುವುದು ನನಗೆ ಕಷ್ಟವಲ್ಲ. ಹಾಕಲಾ? ನಿನ್ನನ್ನು ಕೇಳದೆ ಮುಟ್ಟುವುದಿಲ್ಲ.

ಹೇಮಾ


ದರ್ಬೆ, ಪುತ್ತೂರು
ಜನವರಿ 3, 2024

ಹೇಮಾ,

ಬ್ಲೇಜರಿಗೆ ತರಿಸಿದ ಉಣ್ಣೆಯ ಬಟ್ಟೆ ಬಸ್ಸಿನಲ್ಲಿ ಕಳಿಸಿದ್ದೇನೆ, ಕಂಡಕ್ಟರ್ ಚೆನ್ನಪ್ಪಣ್ಣನ ಅಂಗಡಿಯಲ್ಲಿ ಕೊಡುತ್ತಾರೆ. ನೀನು ಅಗಲ ಬರೆಯಲಿಲ್ಲ, ಹಾಗಾಗಿ ಪಟ್ಟಿ ಮಾಡದೆ ಇಟ್ಟಿದ್ದೇನೆ. ಕತ್ತರಿಸುವಾಗ ಕತ್ತರಿಯನ್ನು ಎತ್ತಬೇಡ, ತಳ ಮೇಜಿಗೆ ತಾಗಿಕೊಂಡೇ ಹೋಗಲಿ.

ತೂತು ತುಂಬಬೇಡ.

ಇಲ್ಲಿ ಬೆಳಕು ಚೆನ್ನಾಗಿದೆ, ಮೇಜು ದೊಡ್ಡದು. ಕೆಲಸ ಕೈತುಂಬ ಉಂಟು. ಆದರೆ ನಾನು ಕಿಟಕಿಗೆ ಹೋಗುವುದು, ಬರುವುದು, ಮತ್ತೆ ಹೋಗುವುದು. ಮೊನ್ನೆ ಸುರಕ್ಷಾ, “ಅಕ್ಕ, ನೀವು ಒಂದು ಕಡೆ ಕೂರುದೇ ಇಲ್ಲ, ಎಂತ ಆಗ್ತದೆ ನಿಮಗೆ?” ಎಂದು ಕೇಳಿದಳು. ಕಾಲಿಗೆ ಜೋಮು ಎಂದೆ. ಕಡಬ ಬಿಟ್ಟರೆ ಇದು ಹೋಗುತ್ತದೆ ಎಂದು ತಿಳಿದಿದ್ದೆ, ನನ್ನ ಜೊತೆಗೇ ಬಸ್ಸು ಹತ್ತಿ ಬಂದಿದೆ.

ಕೈಯ ವಿಷಯ ಬರೆದಿದ್ದೀ. ನೀನು ನೋಡಿದ್ದು ಸರಿ. ಬಲಗೈಯ ಹೆಬ್ಬೆರಳು ಕತ್ತರಿ ಹಿಡಿದ ಹಾಗೆಯೇ ನಿಂತುಬಿಟ್ಟಿದೆ. ಬೆಳಿಗ್ಗೆ ಬಿಸಿನೀರಿನಲ್ಲಿ ಅದ್ದಿಟ್ಟರೆ ಸ್ವಲ್ಪ ಬಿಡುತ್ತದೆ. ನಿನಗೆ ಚಿಕ್ಕಂದಿನಲ್ಲಿ ಕೇಳಿದ್ದು ಇಷ್ಟು ವರ್ಷ ಚೆಂದವಾಗಿ ಉಳಿದಿದೆ. ಬಾರಿಸಿದವರು ಅಪ್ಪ ಎಂದುಕೊಂಡಿದ್ದರೂ ಉಳಿದಿತ್ತು. ಈಗ ನಾನು ನಿನ್ನ ಎದುರು ಕುಳಿತು ತಡವರಿಸಿದರೆ ಅದೂ ಹೋಗುತ್ತದೆ. ಅದಕ್ಕೆ ಒಲ್ಲೆ ಎಂದದ್ದು.

ಅವ್ವ


ಕಡಬ
ಜನವರಿ 20, 2024

ಅವ್ವ,

ಬಟ್ಟೆ ಹಾಕಿ ಆಯಿತು. ನಡುವಿನ ಸ್ವರಗಳೆಲ್ಲ ಬರುತ್ತವೆ, ಎರಡೂ ತುದಿಯವು ಇನ್ನೂ ಮೂಕ. ಸಾಬಿತ್ ಮತ್ತು ಝೈನಬ ಬಂದಿದ್ದರು. ಸಾಬಿತ್ ಮೊದಲು ಕಣ್ಣು ಹಾಯಿಸಿದ್ದು ಮುಚ್ಚಳದ ಕಡೆಗೆ. ಹಾಗೇ ಬಿಟ್ಟದ್ದು ನೋಡಿ ತೂತುಗಳ ಮೇಲೆ ಬೆರಳಾಡಿಸಿದರು. ಝೈನಬ ಒಂದು ಸ್ವರ ಒತ್ತಿ, ಅದು ನಿಲ್ಲುವವರೆಗೆ ಕಿವಿಗೊಟ್ಟು ಕೇಳಿ, ಗಂಡನ ಹತ್ತಿರ ಒಂದೇ ಮಾತು ಹೇಳಿದರು: “ಇಷ್ಟು ವರ್ಷ ನೀವು ಐದು ಕಪಾಟು ತಂದು ಇಟ್ಟದ್ದು.” ಹಾಗಾಗಿ ಈಗ ಅವರ ಐದನ್ನೂ ಹಾಡಿಸುವ ಕೆಲಸ ನನ್ನ ತಲೆಗೆ ಬಂದಿದೆ. ಮೊದಲು ತಾನೇ ಬಾರಿಸಿಕೊಳ್ಳುವುದರ ಗಾಳಿಚೀಲ ಬದಲಿಸಬೇಕು.

ಕೊಚ್ಚಿಯಿಂದ ಧಣಿ ಕೇಳುತ್ತಿದ್ದಾರೆ, ಬರುತ್ತೀಯಾ ಇಲ್ಲವಾ ಎಂದು. ಬೆಳಿಗ್ಗೆ ಹೋಗುವ ಎಂದು ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತೇನೆ, ಸಂಜೆಗೆ ತೆಗೆದಿಡುತ್ತೇನೆ. ನಿನ್ನ ಕಾಲು ನನಗೆ ಬಂದಿರುವುದರಲ್ಲಿ ಸಂಶಯವಿಲ್ಲ.

ನಿನ್ನನ್ನು ಬಾ ಎಂದು ಕರೆಯುವುದಿಲ್ಲ. ಬಾರಿಸು ಎಂದು ಇನ್ನು ಯಾವತ್ತೂ ಕೇಳುವುದಿಲ್ಲ. ಬೀಗದ ಇನ್ನೊಂದು ಕೀಲಿಯನ್ನು ಚೆನ್ನಪ್ಪಣ್ಣನ ಹತ್ತಿರ ಕೊಟ್ಟಿದ್ದೇನೆ. ಬುಧವಾರ ಮತ್ತು ಶುಕ್ರವಾರ ನಾನು ಜಾಲ್ಸೂರಿನಲ್ಲಿ ಇರುತ್ತೇನೆ, ಕತ್ತಲಾಗುವ ಮೊದಲು ಬರುವುದಿಲ್ಲ.

ಹೇಮಾ


ದರ್ಬೆ, ಪುತ್ತೂರು
ಫೆಬ್ರವರಿ 12, 2024

ಹೇಮಾ,

ಬುಧವಾರ ಬಂದಿದ್ದೆ. ಚೆನ್ನಪ್ಪಣ್ಣನಿಗೆ ನಿನ್ನ ಹತ್ತಿರ ಹೇಳಬೇಡಿ ಎಂದಿದ್ದೆ, ಹೇಳಲಿಲ್ಲ ಅನ್ನಿಸುತ್ತದೆ.

ಬಾಗಿಲು ಒಳಗಿನಿಂದ ಹಾಕಿಕೊಂಡೆ. ನೀನು ಸ್ಟೂಲು ಇಟ್ಟಿದ್ದೆ, ತಗ್ಗಾಯಿತು, ಹಳೆಯ ಹೊಲಿಗೆಯ ಕುರ್ಚಿ ಎಳೆದುಕೊಂಡೆ. ಮುಚ್ಚಳವನ್ನು ಒಮ್ಮೆ ಕೈಯಿಂದ ಸವರಿದೆ, ಯಾವ ಮೊಳೆ ಯಾವಾಗ ಹೊಡೆದದ್ದು ಎಂದು ಕೈಗೆ ಇನ್ನೂ ನೆನಪುಂಟು. ಮೊದಲ ಸ್ವರ ಒತ್ತಲು ಬಹಳ ಹೊತ್ತು ಬೇಕಾಯಿತು. ಬಲಗೈ ನಾನು ಹೇಳಿದ ಹಾಗೆಯೇ, ಹೆಬ್ಬೆರಳು ಬೇರೆ ಬೆರಳುಗಳ ಕೆಳಗೆ ನುಸುಳುವುದಿಲ್ಲ, ಅಲ್ಲಲ್ಲಿ ಎಡವಿತು. ಎಡಗೈ ಮಾತ್ರ ಎಲ್ಲವನ್ನೂ ನೆನಪಿಟ್ಟುಕೊಂಡಿತ್ತು. ನನಗೇ ಆಶ್ಚರ್ಯ. ಧಾಟಿಯ ಮೊದಲರ್ಧ ಬಂತು. ಉಳಿದರ್ಧ ಮರೆತಿತ್ತು. ಮತ್ತೆ ಮೊದಲಿನಿಂದ ಹಿಡಿದೆ, ಮತ್ತೆ ಅಲ್ಲಿಗೇ ನಿಂತೆ. ಹಾಗೆ ಎಷ್ಟು ಸಲ ಎಂದು ತಿಳಿಯದು. ಕೊನೆಗೆ ಚೆನ್ನಪ್ಪಣ್ಣ ಬಾಗಿಲು ತಟ್ಟಿ, “ಸೇವಂತಿಯಕ್ಕ, ನಿಮ್ಮ ಬಸ್ಸು ಹೋಗಿ ಅರ್ಧ ಗಂಟೆ ಆಯ್ತಲ್ಲ,” ಎಂದರು.

ಮುಂದಿನ ಬಸ್ಸಿನಲ್ಲಿ ಕುಳಿತಾಗ ನನಗೆ ನಾಚಿಕೆ ಆಗಬೇಕಿತ್ತು, ಅಷ್ಟು ಕೆಟ್ಟದಾಗಿ ಬಾರಿಸಿದ್ದೆ. ಆಗಲಿಲ್ಲ. ಬೇರೊಂದು ಯೋಚನೆ ಬಂತು. ಇದನ್ನು ಇಷ್ಟು ಹೊತ್ತು ಯಾರೂ ಕೇಳಲಿಲ್ಲವಲ್ಲ ಎಂದು. ಹಿಂದೆಯೂ ಕೇಳುವವರು ಇಲ್ಲವೆಂದೇ ತಿಳಿದಿದ್ದೆ. ನೀನು ಒಳಗೆ ಎಚ್ಚರವಿದ್ದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಮೊಳೆ ಹೊಡೆಯುವಾಗ ಕೈ ತಡೆಯುತ್ತಿತ್ತೋ ಏನೋ. ಹೊಡೆಯಲೇಬೇಕಿತ್ತು, ಆದರೂ.

ಬಲಗಡೆ ಮೇಲಿನ ಒಂದು ಸ್ವರ ಜೀರುಂಡೆಯ ಹಾಗೆ ಗಿಂಯ್‌ಗುಡುತ್ತದೆ, ಅದನ್ನು ನೋಡು. ಕೊಚ್ಚಿಗೆ ಹೋಗುವುದಿದ್ದರೆ ಹೋಗು, ನಿನ್ನನ್ನು ನಾನು ಕಟ್ಟಿಹಾಕುವುದಿಲ್ಲ. ಈ ವಾರ ಮಾತ್ರ ಬೇಡ.

ಭಾನುವಾರ ಅಂಗಡಿಗೆ ರಜೆ, ಬೆಳಗಿನ ಬಸ್ಸಿಗೆ ಬರುತ್ತೇನೆ. ನೀನು ಹೊರಗೆ ಎಲ್ಲಿಗೂ ಹೋಗಬೇಡ. ಅಲ್ಲೇ ಇರು.

ಅವ್ವ